ಕಾಕಾ ಸೋತ ಕುಸ್ತಿ

ಕಾಕಾರ ಎರಡೂ ಕಿವಿಗಳು ಮುದುಡಿ ಗಟ್ಟಿಯಾಗಿ ಒಣಗಿದ ಅಂಜೂರದಂತಿದ್ದವು. ಗರಡಿ ತಾಲೀಮಿನ ಮಣ್ಣಿನಲ್ಲಿ ತಿಕ್ಕಿಸಿಕೊಂಡ ಪೈಲ್ವಾನನ ಕಿವಿಗಳು. ಕಾಕಾ ನಮ್ಮ ಬಾಜೂ ಮನೆಯವರು; ಸೊಲ್ಲಾಪುರದ ನವಿ ಪೇಠದ ನಮ್ಮ ಅರಿವೆ ಅಂಗಡಿಯ ಕಟ್ಟೆಗೆ ದಿನಾ ಸಂಜೆ ಬಂದು ಕೂರುತ್ತಿದ್ದರು. ಗಿರಾಕಿ ಹತ್ತು ಸೀರೆ ಬಿಚ್ಚಿಸಿ ಬರಿಗೈಲಿ ಹೋದಾಗ ನಾನು ಸಿಡಿಮಿಡಿಗೊಂಡರೆ, "ಇರ್ಲಿ ಬಿಡವ್ವಾ, ಎಲ್ಲಾ ಕುಸ್ತಿ ಗೆಲ್ಲಾಕಾಗೂದಿಲ್ಲ" ಎನ್ನುತ್ತಿದ್ದರು. ಸೋತವರ ಮಾತು ಎಂದುಕೊಳ್ಳುತ್ತಿದ್ದೆ. ಅಕ್ಕಲಕೋಟದ ಮೈದಾನದಲ್ಲಿ ಜೀವದ ಗೆಳೆಯನೇ ಇವರನ್ನು ಚಿತ್ ಮಾಡಿದ್ದು, ಆಮೇಲೆ ಕಾಕಾ ಮಣ್ಣಿಗಿಳಿಯದೇ ಇದ್ದದ್ದು ಇಡೀ ಓಣಿಗೆ ಗೊತ್ತಿತ್ತು.

ಒಂದು ಸಂಜೆ ಮೊಬೈಲಿನಲ್ಲಿ ಯಾವುದೋ ಹಳೇ ಕಪ್ಪು-ಬಿಳುಪು ಕುಸ್ತಿ ಸಿನಿಮಾ ಹಚ್ಚಿಕೊಟ್ಟೆ. ಇಬ್ಬರು ಗೆಳೆಯರು; ಒಬ್ಬ ಕೈಕೊಡುತ್ತಾನೆ, ಕಡೆಗೆ ಅತ್ತು ಕಾಲಿಗೆ ಬೀಳುತ್ತಾನೆ.

"ಬಂದ್ ಮಾಡವ್ವಾ. ಹಿಂಗ ಯಾರೂ ಬರೂದಿಲ್ಲ," ಎಂದರು ಕಾಕಾ. ಆಮೇಲೆ ತಾವೇ ಹೇಳಿದರು. ಒಂದೇ ತಾಲೀಮು, ಒಂದೇ ತಾಟಿನ ಊಟ. ಇಬ್ಬರನ್ನೂ ಜೋಡಿ ಹಾಕಿದಾಗ, ಯಾರೂ ಯಾರನ್ನೂ ಕೆಡವುವುದು ಬೇಡ, ಬರೋಬರಿ ಮಾಡಿಕೊಂಡು ಬರೋಣ ಎಂದು ಮಾತಾಗಿತ್ತು. ಅದನ್ನು ನಂಬಿ ಕಾಕಾ ಮೈ ಸಡಿಲ ಬಿಟ್ಟರು. ಗೆಳೆಯ ಎತ್ತಿ ಒಗೆದ.

"ಮತ್ತ ಯಾರಿಗೂ ಹೇಳ್ಲಿಲ್ಲೇನ್ರಿ?"

"ಏನಂತ ಹೇಳ್ಲಿ? ಖೊಟ್ಟಿ ಕುಸ್ತಿಗೆ ನಾನೂ ಒಪ್ಪಿದ್ನಲ್ಲಾ."

ಹೋದ ವರ್ಷ ಆ ಗೆಳೆಯ ಹಾಸಿಗೆ ಹಿಡಿದ ಸುದ್ದಿ ಬಂತು. "ಅಂವಾ ಒಮ್ಮೆ ಖರೇ ಹೇಳ್ಲಿ, ಸಾಕು," ಎಂದು ಕಾಕಾ ಹೊರಟರು. ಅಕ್ಕಲಕೋಟಕ್ಕೆ ಬಸ್ಸಿನಲ್ಲಿ ನಾನೇ ಕರೆದೊಯ್ದೆ. ಗೆಳೆಯನ ತಲೆದಿಂಬಿನ ಮೇಲ್ಗಡೆ ಗೋಡೆಯಲ್ಲಿ ಆ ಗೆಲುವಿನ ಬೆಳ್ಳಿ ಗದೆ. ಸುತ್ತ ಮೊಮ್ಮಕ್ಕಳು. ಆತ ಕಾಕಾರ ಕೈ ಹಿಡಿದು, "ದೋಸ್ತಾ, ಅವತ್ತ ನಾ..." ಎಂದು ಬಿಕ್ಕಿದ.

ಜೀವಮಾನವೆಲ್ಲ ಕಾಯ್ದ ಮಾತು ಅದು. ಕಾಕಾ ಆ ಮೊಮ್ಮಕ್ಕಳ ಮುಖ ನೋಡಿದರು. ಆತನ ಬಾಯಿಗೆ ತಮ್ಮ ಕೈ ಅಡ್ಡ ಇಟ್ಟರು.

"ಅವತ್ತ ನೀ ಹಾಕಿದ ಪಟ್ಟು ಭಾರಿ ಇತ್ತಲೇ. ನಾ ಖರೇನ ಸೋತ್ನಿ."

ತಿರುಗಿ ಬರುವಾಗ ನನಗೆ ಸಿಟ್ಟೋ ಸಿಟ್ಟು. "ಯಾಕ ಹಂಗ ಅಂದ್ರಿ?" ಎಂದು ಕೇಳಿದರೆ, "ಸಾಕಾಗೇದವ್ವಾ," ಎಂದು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು.

ಈ ಬೇಸಿಗೆಯಲ್ಲಿ ಕಾಕಾ ತೀರಿಹೋದರು. ಮಣ್ಣು ಕೊಡಲು ಬಂದ ಮಂದಿ, "ಅಕ್ಕಲಕೋಟದ ಆ ದೊಡ್ಡ ಪೈಲ್ವಾನನ ಕೈಲೆ ಸೋತಾಂವ ಇಂವಾ" ಎಂದೇ ಮಾತಾಡಿಕೊಂಡರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿದೆ. ಹೆಗಲು ಕೊಡಲು ಆ ಗೆಳೆಯನ ಮೊಮ್ಮಕ್ಕಳೂ ಬಂದಿದ್ದರು. ಹೊಟ್ಟೆಯಲ್ಲಿ ಇಟ್ಟುಕೊಂಡು ನನಗೂ ಸಾಕಾಗಿದೆ, ಅದಕ್ಕೇ ಬರೆದೆ. ಸಿಟ್ಟಾಗಬೇಡಿ ಕಾಕಾ, ಹೆಸರು ಬರೆದಿಲ್ಲ. ನಿಮ್ಮದೂ ಇಲ್ಲ, ಅವರದೂ ಇಲ್ಲ.