ಎಡದ ಕೀಲು ಬಲಕ್ಕೆ

ಟಕ್, ಟಕ್, ಟಕ್. ತುಬಚಿಯ ನಮ್ಮ ತೋಟದ ಕೆಸರಿನಲ್ಲಿ ನಾಲ್ಕೂ ಗಾಲಿಗೆ ಗೇರ್ ಹಾಕಿ ಸ್ಟಿಯರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದರೆ, ಹಳೆಯ ಮಿಲಿಟರಿ ಜೀಪಿನ ಮುಂದಿನ ಗಾಲಿಯ ಕೀಲಿನೊಳಗಿಂದ ಆ ಸದ್ದು ಬರುತ್ತಿತ್ತು. ಕೊನೆಗೆ ನಾನು ಬಲಕ್ಕೆ ತಿರುಗುವುದನ್ನೇ ಬಿಟ್ಟೆ. ಇಡೀ ಹೊಲ ಸುತ್ತಿ ಎಡಗಡೆಯಿಂದ ಮನೆ ಮುಟ್ಟುತ್ತಿದ್ದೆ. ಸಿಲ್ಲಿ, ಐ ನೋ.

ಆ ತೋಟದ ಮನೆಯಲ್ಲಿ ಅತ್ತೆ ಇದ್ದರು. ದಿನಾ ಮುಂಜಾನೆ, ಕಾನ್ವೆಂಟಿನಲ್ಲಿ ಪಾಠಕ್ಕೆ ನಿಲ್ಲುವ ಮೊದಲು, ನಾನು ಜಮಖಂಡಿಯ ಮನೆಯಿಂದ ಹೋಗಿ ಅವರಿಗೆ ಇನ್ಸುಲಿನ್ ಚುಚ್ಚಬೇಕು. ನಮ್ಮಲ್ಲಿಗೇ ಬನ್ನಿ ಎಂದರೆ, "ನನ್ನ ಎಮ್ಮಿ ಯಾರ ಹಿಂಡತಾರ? ನಿಮ್ಮ ಕಾನ್ವೆಂಟಿನ ಸಿಸ್ಟರ್ ಬರ್ತಾಳೇನ?" ಎನ್ನುತ್ತಿದ್ದರು. ಮಳೆ ಹಿಡಿದರೆ ಆ ಎರೆಮಣ್ಣನ್ನು ಜೀಪೊಂದೇ ದಾಟುತ್ತಿತ್ತು.

"ನಡು ಕೆಸರಾಗ ಕೀಲು ಮುರೀತಂದ್ರ ಏನ್ ಮಾಡ್ತಿ?" ಎಂದರು ಯಜಮಾನರು. "ಗುಜರಿಗೆ ಹಾಕೂನು. ಅವ್ವನ್ನ ಎತ್ತಿಕೊಂಡರ ಬರೂನು."

ಎಮ್ಮೆಯಿಂದ ಬೇರೆ ಮಾಡಿದರೆ ಆ ಜೀವ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಧೋಳ ರಸ್ತೆಯ ಮಿಸ್ತ್ರಿಯ ಹತ್ತಿರ ಜೀಪು ಒಯ್ದು, ಯಜಮಾನರ ಗುಜರಿ ಮಾತನ್ನೂ ಹೇಳಿದೆ.

ಅವರು ಗಾಲಿ ಬಿಚ್ಚಿ, ಕರಿ ಗ್ರೀಸು ಬಳಿದು ತೆಗೆದು, ಎರಡೂ ಕಡೆಯ ಕೀಲುಗಳನ್ನು ಹೊರತೆಗೆದರು. ಒಂದೊಂದೂ ಉಕ್ಕಿನ ಬಟ್ಟಲು. ಒಳಗೆ ಆರು ತೋಡು, ತೋಡಿಗೊಂದು ಗುಂಡು, ಗುಂಡುಗಳನ್ನು ಹಿಡಿದಿಡಲು ಒಂದು ಬಳೆ. ಸೀಮೆಎಣ್ಣೆಯಲ್ಲಿ ತೊಳೆದು ಬಳೆಯನ್ನು ದಾರಕ್ಕೆ ಕಟ್ಟಿ ತೂಗುಬಿಟ್ಟು, ನಟ್ಟು ತಿರುಗಿಸುವ ಪಾನಾದಿಂದ ಮೆಲ್ಲಗೆ ಬಡಿದರು.

"ಬಿರುಕಿದ್ರ ಬೊದ್ದ ಅಂತೈತ್ರಿ ಬಾಯಾರ. ಹಂಗಾದ್ರ ಯಜಮಾನ್ರು ಹೇಳಿದ್ದ ಖರೆ."

ಬಳೆ ಚರ್ಚಿನ ಗಂಟೆಯಂತೆ ಉಲಿಯಿತು. ನಾನು ಉಸಿರು ಬಿಟ್ಟೆ. ಎರಡನೆಯದೂ ಹಾಗೇ.

ಆಮೇಲೆ ಕಣ್ಣು ಮುಚ್ಚಿ, ಬಟ್ಟಲಿನ ತೋಡಿನೊಳಗೆ ಉಗುರು ಆಡಿಸಿದರು. ನನ್ನ ಬೆರಳನ್ನೂ ಇಡಿಸಿದರು. ಒಂದು ಮಗ್ಗುಲಲ್ಲಿ ಉಗುರು ಸಿಕ್ಕಿಕೊಂಡಿತು; ಇನ್ನೊಂದು ಮಗ್ಗುಲು ಕನ್ನಡಿಯಷ್ಟು ನುಣುಪು.

"ನೀವು ಮುಂದ ಹೋಗೂದ ಹೆಚ್ಚು, ಹಿಂದ ಬರೂದ ಕಡಿಮಿ," ಎಂದು ನಕ್ಕರು. "ಮುಂದ ಹೋಗೂ ಮಗ್ಗಲ ಸವದೈತಿ. ಹಿಂದ ಬರೂದು ಹೊಸಾದ ಇದ್ದಂಗ ಐತಿ. ಎಡದ್ದು ಬಲಕ್ಕ, ಬಲದ್ದು ಎಡಕ್ಕ ಹಾಕ್ತೇನಿ; ಮಗ್ಗಲ ತಿರುವುಮುರುವಾಗಿ ಹೊಸಾದರ ಮ್ಯಾಲ ಭಾರ ಬೀಳ್ತೈತಿ. ಆತು!"

ಮೈ ಗುಡ್‌ನೆಸ್! ಅಷ್ಟು ವರ್ಷ ಆ ನುಣುಪು ಮಗ್ಗುಲು ಅಲ್ಲೇ, ಕತ್ತಲೆಯಲ್ಲಿ, ತನ್ನ ಪಾಳಿಗಾಗಿ ಕಾದಿತ್ತು. ಹೊಸ ಗುಂಡು, ಹೊಸ ಗ್ರೀಸು ತುಂಬಿ ಕೂಡಿಸಿದರು. ಸಂಜೆ ತೋಟದ ತಿರುವಿನಲ್ಲಿ ಬಲಕ್ಕೆ ಪೂರ್ತಿ ತಿರುಗಿಸಿದೆ. ಕೆಸರಿನ ಸಪ್ಪಳ ಬಿಟ್ಟರೆ ಏನೂ ಇಲ್ಲ.

ಆ ಮಳೆಗಾಲ ಒಂದು ದಿನವೂ ಸೂಜಿ ತಪ್ಪಲಿಲ್ಲ. ಅತ್ತೆ ಇನ್ನೂ ನಾಲ್ಕು ಮಳೆಗಾಲ ಎಮ್ಮೆ ಹಿಂಡಿ, ತಮ್ಮ ಹಗ್ಗದ ಹೊರಸಿನ ಮೇಲೆಯೇ ಕಣ್ಣು ಮುಚ್ಚಿದರು.

ಅದನ್ನು ಹೇಳಲೆಂದೇ ಅದೇ ಜೀಪಿನಲ್ಲಿ ಬನಹಟ್ಟಿಗೆ ಹೋದೆ. ಮಿಸ್ತ್ರಿ ಅಲ್ಲಿ ಮಗಳ ಮನೆಯಲ್ಲಿದ್ದರು. ದೃಷ್ಟಿ ಪೂರ್ತಿ ಹೋಗಿತ್ತು. ಎಲ್ಲಾ ಕೇಳಿಸಿಕೊಂಡರು. ಆಮೇಲೆ, "ಬಯಲಾಗ ಜೀಪು ಒಂದ ಸುತ್ತ ಬಲಕ್ಕ ಹೊಡೀರಿ ಬಾಯಾರ," ಎಂದರು.

ಹೊಡೆದೆ. ಒಂದು ಟಕ್ಕೂ ಇಲ್ಲ. ಹೊರಡುವಾಗ ಕನ್ನಡಿಯಲ್ಲಿ ಕಂಡರು: ಗೋಡೆ ಹಿಡಿದು ಎದ್ದು ನಿಂತು, ಕಿವಿಗೆ ಅಂಗೈ ಹಚ್ಚಿ, ಇನ್ನೂ ಕೇಳುತ್ತಲೇ ಇದ್ದರು.