ಫೆಬ್ರವರಿ ಮೂವತ್ತು

ಮೊನ್ನೆ ಹಿಂದೂಪುರದ ನಮ್ಮ ಆಫೀಸಿಗೆ ಹಳೆಯ ರಿಜಿಸ್ಟರುಗಳ ಒಂದು ಗಂಟು ಬಂತು. ಬಿಚ್ಚಿದರೆ ಘಮ್ಮೆಂದು ಟಿಂಚರ್ ವಾಸನೆ. ಕಲ್ಯಾಣದುರ್ಗದ ನರ್ಸಮ್ಮ ಕಣ್ಣೆದುರು ಬಂದು ನಿಂತುಬಿಟ್ಟರು...

ಆಗ ನಾನು ಕೆಲಸಕ್ಕೆ ಹೊಸಬಳು. ಹಳ್ಳಿಯ ಮಕ್ಕಳು ಹುಟ್ಟಿದ ದಿನ, ತೂಕ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ವಯಸ್ಸಿಗೆ ತಕ್ಕ ತೂಕವಿಲ್ಲದವರ ಪಟ್ಟಿ ತೆಗೆಯಬೇಕಿತ್ತು. ಪಟ್ಟಿಯಲ್ಲಿದ್ದ ಮಗುವಿಗೆ ಆರೈಕೆ, ಇಲ್ಲದ್ದಕ್ಕೆ ಇಲ್ಲ. ನರ್ಸಮ್ಮನ ರಿಜಿಸ್ಟರಿನಲ್ಲಿ ಏಳು ಮಕ್ಕಳು ಫೆಬ್ರವರಿ ಮೂವತ್ತರಂದು ಹುಟ್ಟಿದ್ದರು! ಅಂಕಿಅಂಶದ ಸಾಫ್ಟ್‌ವೇರು ಆ ತಾರೀಖನ್ನು ಒಪ್ಪದೆ ಜಾಗ ಖಾಲಿ ಬಿಟ್ಟಿತು. ವಯಸ್ಸಾದಾಕೆ, ಕೈತಪ್ಪಿರಬೇಕು ಅಂದುಕೊಂಡೆ. ಇಲ್ಲದ ದಿನ ಬಂದರೆ ಆ ತಿಂಗಳ ಕೊನೆಯ ದಿನ ಹಾಕು ಎಂದು ಒಂದೇ ಸಾಲು ಬರೆದೆ. ಏಳೂ ಇಪ್ಪತ್ತೆಂಟಾದವು. ಪಟ್ಟಿ ಬಂತು. ಆ ಏಳರಲ್ಲಿ ಒಂದೂ ಅದರಲ್ಲಿರಲಿಲ್ಲ.

ಪಟ್ಟಿ ತೋರಿಸಲು ಕಲ್ಯಾಣದುರ್ಗಕ್ಕೆ ಹೋದೆ. ನರ್ಸಮ್ಮ ಕನ್ನಡಕ ಏರಿಸಿ ಓದಿದರು.

"ನನ್ ಮೂವತ್ತನ್ನ ಯಾರಮ್ಮ ತಿಂದ್ಬುಟ್ಟೋರು?"

"ಫೆಬ್ರವರಿಗೆ ಮೂವತ್ತಿಲ್ವಲ್ಲಮ್ಮ, ಸರಿ ಮಾಡ್ದೆ."

"ಆಹಾ, ಕಂಪ್ಯೂಟರಮ್ಮ! ಅಷ್ಟೂ ಗೊತ್ತಿಲ್ದೆ ಇಷ್ಟು ವರ್ಷ ಹೆರಿಗೆ ಮಾಡ್ಸಿದ್ನಾ? ಹುಟ್ಟಿದ್ ದಿನ, ತಿಂಗ್ಳು ಎರಡೂ ಗೊತ್ತಿಲ್ದಿರೋ ಮಕ್ಳು ಕಣಮ್ಮ ಅವು. ಹದಿನೈದು ಅಂತ ಬರದ್ರೆ ಎಲ್ರೂ ನಂಬ್ಬುಡ್ತಾರೆ. ಮೂವತ್ತು ಅಂದ್ರೆ ಇದೇನು ಅಂತ ಯಾರಾದ್ರೂ ಕೇಳ್ಕಂಡ್ ಬತ್ತಾರೆ. ನೀನು ಕೇಳ್ದೇನೇ ಮುಚ್ಬುಟ್ಟೆ."

ಗೊತ್ತಿಲ್ಲದ್ದನ್ನು, ಯಾರೂ ಸುಮ್ಮನೆ ದಾಟಿಹೋಗಲಾರದ ಹಾಗೆ ಬರೆದಿಡುವ ವಿದ್ಯೆಯನ್ನು ನಾನು ಯಾವ ಕಾಲೇಜಿನಲ್ಲೂ ಕಂಡಿರಲಿಲ್ಲ.

ನರ್ಸಮ್ಮ ಅವತ್ತೇ ಬಿಸಿಲಲ್ಲಿ ನನ್ನನ್ನು ಏಳೂ ಮನೆಗೆ ನಡೆಸಿದರು. ಕೊನೆಯ ಮನೆಯ ತಾಯಿಗೆ ದಿನ ನೆನಪಿರಲಿಲ್ಲ. ಹೆರಿಗೆ ನೋಡಿಕೊಂಡಿದ್ದ ಅಜ್ಜಿ ಹಿಂದಿನ ವಾರವಷ್ಟೇ ತನ್ನೂರಿಂದ ಬಂದಿದ್ದಳು. "ಚೆನಿಕ್ಕಾಯ ಪೀಕೇಟಪ್ಪುಡು" ಅಂದಳು. ಕಡಲೆಕಾಯಿ ಕೀಳುವ ಕಾಲ. ಎಂದರೆ ನಾನು ಹಾಕಿದ ದಿನಕ್ಕಿಂತ ನಾಲ್ಕು ತಿಂಗಳು ಹಿಂದೆ. ಆ ವಯಸ್ಸಿಗೆ ಮಗುವಿನ ತೂಕ ತೀರಾ ಕಡಿಮೆ. ನರ್ಸಮ್ಮ ಅದನ್ನೆತ್ತಿ ನನ್ನ ತೋಳಿಗಿಟ್ಟರು.

"ಹಿಡ್ಕೊ. ನಿನ್ ಇಪ್ಪತ್ತೆಂಟು ಎಷ್ಟು ತೂಕ ಐತೆ ನೋಡು."

ಏನೂ ಇಲ್ಲದಷ್ಟು ಹಗುರ... ಪಟ್ಟಿಯ ತುದಿಗೆ ಆ ಹೆಸರನ್ನು ನಾನೇ ಕೈಯಾರೆ ಬರೆದೆ. ಮಗು ಚೇತರಿಸಿಕೊಂಡಿತು.

ನರ್ಸಮ್ಮ ತೀರಿಹೋಗಿ ಎರಡು ವರ್ಷವಾಯಿತು. ಈಗ ಆ ಕಡೆಯಿಂದ ಬರುವ ದಾಖಲೆಗಳಲ್ಲಿ ಸಾಫ್ಟ್‌ವೇರು ತಳ್ಳಿಹಾಕುವ ತಾರೀಖು ಒಂದೂ ಇರುವುದಿಲ್ಲ. ಒಂದು, ಹದಿನೈದು, ಮತ್ತೆ ಹದಿನೈದು... ಎಲ್ಲವೂ ಸರಾಗವಾಗಿ ಒಳಗೆ ಹೋಗುತ್ತವೆ. ಯಾವ ಮನೆಯ ಬಾಗಿಲು ತಟ್ಟಬೇಕೆಂದು ನನಗೆ ಹೇಳುವವರೇ ಇಲ್ಲ.