ಮೊದಲ ಬಸ್ಸಿಗೆ ಬಂದ ಇಂಗ್ಲಿಷ್ ಮಿಸ್ಸು

ಬಟವಾಡಿಯ ಕ್ಲಿನಿಕ್ಕಿನ ಹೊರಗಿನ ಬೆಂಚಿಗೆ ಹೊಸದಾಗಿ ರೆಕ್ಸಿನ್ ಹೊದಿಸಿದ್ದಾರೆ. ಡಾಕ್ಟರು ಬರೋದು ಹನ್ನೊಂದಕ್ಕೆ. ನಾನು ಒಂಬತ್ತೂವರೆಗೇ ಹೋಗಿ ಕೂತಿದ್ದೆ. ಎಲ್ಲಿಗಾದರೂ ಹೀಗೇ. ತಡವಾದರೆ ಏನು ಗತಿ ಅನ್ನೋ ಚಿಂತೆಗೇ ನನ್ನ ಬಿಪಿ ಏರುತ್ತೆ, ಬಿಪಿ ತೋರಿಸೋಕೂ ಅದೇ ಚಿಂತೇಲಿ ಓಡುತ್ತೇನೆ. ಬಿಸಿಲಿಗೆ ಕಾದ ರೆಕ್ಸಿನ್ ವಾಸನೆ ಮೂಗಿಗೆ ಬಡಿದದ್ದೇ ಕುಣಿಗಲ್‌ನಿಂದ ಅಮೃತೂರಿಗೆ ಬರುತ್ತಿದ್ದ ಪ್ರೈವೇಟ್ ಬಸ್ಸು, ಅದರಿಂದಿಳಿದು ಸೆರಗು ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮಿಸ್ಸು ನೆನಪಾದರು…

ಮಿಸ್ಸು ದಿನಾ ಲೇಟು. ಅವರ ಯಜಮಾನರು ಹಾಸಿಗೆ ಹಿಡಿದಿದ್ದರು. ಗಂಜಿ ಕುಡಿಸಿ, ಮೈ ಒರೆಸಿ ಹೊರಡುವಷ್ಟರಲ್ಲಿ ಮೊದಲ ಬಸ್ಸು ಹೋಗಿರುತ್ತಿತ್ತು. ಎರಡನೆಯದು ಸೀಟು ತುಂಬದೆ ಹೊರಡುತ್ತಿರಲಿಲ್ಲ. ಹೆಡ್‌ಮಾಸ್ಟರ ಕಣ್ಣಿಗೆ ಬಿದ್ದರೆ ಅರ್ಧ ದಿನದ ರಜೆ ಹೋಯಿತು. ಆ ರಜೆಗಳನ್ನೋ, ಯಜಮಾನರನ್ನು ಆಸ್ಪತ್ರೆಗೆ ಕರೆದೊಯ್ಯಲು ಮಿಸ್ಸು ಕೂಡಿಡುತ್ತಿದ್ದರು. ಅದಕ್ಕೇ ಬೆಲ್ಲಾದ ಕೂಡಲೇ ನಾವೇ ಜೋರಾಗಿ ಪಾಠ ಓದೋಕೆ ಶುರು ಮಾಡುತ್ತಿದ್ದೆವು, ಮಿಸ್ಸು ಒಳಗೇ ಇದ್ದಾರೆ ಅನ್ನೋ ಹಾಗೆ. ಕಿಟಕಿ ಕಾಯೋ ಕೆಲಸ ನನ್ನದು. ಹೆದರುಪುಕ್ಕಲನಿಗಿಂತ ಒಳ್ಳೇ ಕಾವಲುಗಾರ ಎಲ್ಲಿ ಸಿಗ್ತಾನೆ?

ಒಂದು ದಿನ ಮಿಸ್ಸು ಬೆವರು ಒರೆಸಿಕೊಳ್ಳುತ್ತಲೇ ಬೋರ್ಡಿನ ಮೇಲೆ ‘ಪಂಕ್ಚುಯಲ್’ ಅಂತ ಬರೆದರು.

“ಹೇಳಿದ ಹೊತ್ತಿಗೆ ಸರಿಯಾಗಿ ಬರೋರು ಅಂತ ಅರ್ಥ. ಸೆಂಟೆನ್ಸ್ ಮಾಡಿ.”

ಹಿಂದಿನ ಬೆಂಚಿನವನೊಬ್ಬ ಎದ್ದು, “ಬಸ್ ಈಸ್ ನಾಟ್ ಪಂಕ್ಚುಯಲ್, ಮಿಸ್” ಅಂದ.

ಮೊದಲು ನಕ್ಕಿದ್ದು ಮಿಸ್ಸೇ. “ನನ್ ಹೆಸರು ಹೇಳ್ದೆ ಬಸ್ಸಿನ ಮೇಲೆ ಹಾಕಿದ್ಯಲ್ಲೋ, ಪುಣ್ಯಾತ್ಮ!”

ಆಮೇಲೆ ಸುಮಾರು ದಿನ ಮಿಸ್ಸು ಬರಲಿಲ್ಲ. ರಜೆ ಅಂದರು, ಅಷ್ಟೇ. ಒಂದು ಬೆಳಿಗ್ಗೆ ನೋಡಿದರೆ ನಮಗಿಂತ ಮೊದಲೇ ಬಂದು ಕ್ಲಾಸಿನಲ್ಲಿ ಕೂತಿದ್ದಾರೆ. ನಾನು ಖುಷಿಗೆ, “ಮಿಸ್ ಈಸ್ ಪಂಕ್ಚುಯಲ್!” ಅಂತ ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

“ಸೆಂಟೆನ್ಸ್ ಸರಿಯಾಗಿದೆ ಕಣೋ,” ಅಂದರು. “ಈಗ ಫಸ್ಟ್ ಬಸ್ಸೇ ಸಿಗುತ್ತೆ… ಬೆಳಿಗ್ಗೆ ಮನೇಲಿ ಏನೂ ಕೆಲಸ ಇರಲ್ಲ.”

ಚಪ್ಪಾಳೆ ಒಂದೊಂದಾಗಿ ನಿಂತಿತು. ಆ ವರ್ಷ ಪೂರ್ತಿ ಮಿಸ್ಸು ಒಂದು ದಿನವೂ ತಡವಾಗಲಿಲ್ಲ. ಕಿಟಕಿ ಕಾಯೋದು ಬೇಕಿರಲಿಲ್ಲ. ಆದರೂ ನನ್ನ ಕಣ್ಣು ಅತ್ತಲೇ…

ಕೊನೆಗಾಲದಲ್ಲಿ ಮಿಸ್ಸು ಗುಬ್ಬಿಯ ತಂಗಿ ಮನೆಯಲ್ಲಿದ್ದರಂತೆ. ಎಲ್ಲಕ್ಕೂ ಮುಂಚೆ ಓಡುವ ನನಗೆ ಸುದ್ದಿ ತಲುಪಿದ್ದು ತಿಥಿಯೂ ಮುಗಿದ ಮೇಲೆ.

ಕ್ಲಿನಿಕ್ಕಿನ ನರ್ಸು ಬಾಗಿಲು ತೆಗೆದು, “ಯಾವಾಗ್ಲೂ ನೀವೇ ಫಸ್ಟು ಸಾರ್, ತುಂಬಾ ಪಂಕ್ಚುಯಲ್” ಅಂದಳು. ಮನೆಗೆ ಫೋನು ಮಾಡಿ ಹೆಂಡತಿಗೆ, ತಿಂಡಿ ಆಯ್ತಾ ಅಂದೆ.

“ಈಗಿನ್ನೂ ಹೋದ್ರಿ, ಏನ್ರೀ ಆಯ್ತು?” ಅಂದಳು.

ಏನಿಲ್ಲ ಅಂದೆ. ಫೋನು ಮಾತ್ರ ಇಡಲಿಲ್ಲ.